ಹಳೇ ಪಿಸಿಗೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿದ ಮೇಲೆ ಸ್ಕ್ರೀನೇ ಬರ್ತಿಲ್ಲ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮನೆಯಿಂದಲೇ ಡಿಟಿಪಿ ಕೆಲಸ ಮಾಡ್ತೀನಿ. ನುಡಿಯಲ್ಲಿ ಟೈಪಿಂಗ್, ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಹೀಗೆ. ಪಿಸಿ ಅಸೆಂಬಲ್ಡ್. ಇಂಟೆಲ್ ಐ5 4ನೇ ಜನರೇಷನ್, ಎಚ್81 ಚಿಪ್‌ಸೆಟ್ ಬೋರ್ಡು, 4 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಹಾರ್ಡ್ ಡಿಸ್ಕ್, ವಿಂಡೋಸ್ 10. ಮಗಳ ಓದೂ ಇದರಲ್ಲೇ. ಬ್ರೌಸರ್ ಜೊತೆ ಫೋಟೋಶಾಪ್ ತೆರೆದರೆ ಮೌಸ್ ಕೂಡ ಅಲ್ಲಾಡಲ್ಲ.

ಅದಕ್ಕೆ ಸೆಕೆಂಡ್ ಹ್ಯಾಂಡ್ 8 ಜಿಬಿ ಡಿಡಿಆರ್3 ರ‍್ಯಾಮ್ ತಂದೆ. ಕೊಟ್ಟವರು "ಯಾವ ಡಿಡಿಆರ್3 ಬೋರ್ಡಿಗಾದ್ರೂ ಆಗುತ್ತೆ" ಅಂದಿದ್ರು. ಖಾಲಿ ಇದ್ದ ಸ್ಲಾಟಿಗೆ ಹಾಕಿ ಆನ್ ಮಾಡಿದ್ರೆ ಫ್ಯಾನ್ ತಿರುಗುತ್ತೆ, ಲೈಟ್ ಬರುತ್ತೆ, ಮಾನಿಟರ್‌ನಲ್ಲಿ "ನೋ ಸಿಗ್ನಲ್". ತೆಗೆದರೆ ಮೊದಲಿನ ಹಾಗೇ ಚಾಲೂ ಆಗುತ್ತೆ. ಬೋರ್ಡು ಕೆಟ್ಟಿದೆಯಾ, ಸ್ಟಿಕ್ ಕೆಟ್ಟಿದೆಯಾ? ಹೊಸ ಪಿಸಿ ತಗೊಳ್ಳೋ ಸ್ಥಿತಿ ಈಗ ಇಲ್ಲ, ಇದನ್ನೇ ಇನ್ನೆರಡು ವರ್ಷ ಎಳೀಬೇಕು.

ಹಳೇಬೋರ್ಡು
ಮೇಡಂ, ಮೊದಲು ಸಮಾಧಾನದ ಮಾತು. ರ‍್ಯಾಮ್ ತೆಗೆದಾಗ ಮೊದಲಿನ ಹಾಗೇ ಬೂಟ್ ಆಗ್ತಿದೆ ಅಂದ್ರೆ ಬೋರ್ಡು ಸುಟ್ಟಿಲ್ಲ.

ಎಚ್81ರಲ್ಲಿ ಎರಡೇ ಸ್ಲಾಟು, ಒಂದೊಂದಕ್ಕೆ 8 ಜಿಬಿಯಂತೆ ಒಟ್ಟು 16 ಜಿಬಿವರೆಗೆ ತಗೊಳ್ಳುತ್ತೆ. ಆದ್ದರಿಂದ 4 + 8 ಅನ್ನೋ ಲೆಕ್ಕದಲ್ಲಿ ತಪ್ಪೇನಿಲ್ಲ. ಈಗ ಒಂದೊಂದೇ ಬದಲಾಯಿಸಿ ನೋಡೋಣ. ಎರಡು ಬದಲಾವಣೆ ಒಟ್ಟಿಗೆ ಮಾಡಬೇಡಿ, ಆಮೇಲೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ವಿಂಡೋಸ್ 10ರಲ್ಲಿ ಸುಮ್ಮನೆ ಶಟ್‌ಡೌನ್ ಒತ್ತಿದ್ರೆ ಪೂರ್ತಿ ಆಫ್ ಆಗಲ್ಲ. ಫಾಸ್ಟ್ ಸ್ಟಾರ್ಟಪ್ ಅಂತ ಇರುತ್ತೆ, ಸಿಸ್ಟಮ್ಮಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತೆ. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿ, ಆಗ ಪೂರ್ತಿ ಆಫ್. ಆಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ ವೈರೂ ಕಿತ್ತುಬಿಡಿ. ಪಿಸಿ ಆಫ್ ಇದ್ರೂ ಪವರ್ ಸಪ್ಲೈ ಡಬ್ಬಿ, ಅಂದ್ರೆ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಹೋಗ್ತಾನೇ ಇರುತ್ತೆ. ವೈರ್ ಕಿತ್ತ ಮೇಲೆ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡೀರಿ, ಕೆಪಾಸಿಟರ್‌ನಲ್ಲಿ ಉಳಿದಿದ್ದೂ ಖಾಲಿ ಆಗುತ್ತೆ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ, ಆಮೇಲೆ ಸ್ಟಿಕ್ ಮುಟ್ಟಿ. ಸ್ಟಿಕ್ಕನ್ನು ಅಂಚಿನಲ್ಲಿ ಹಿಡೀರಿ, ಚಿನ್ನದ ಪಿನ್ ಮುಟ್ಟಬೇಡಿ.

ಈಗ ಹಳೇ ಸ್ಟಿಕ್ ಒಂದನ್ನೇ ಮೊದಲು ಒಂದು ಸ್ಲಾಟಿಗೆ, ಆಮೇಲೆ ಇನ್ನೊಂದಕ್ಕೆ ಹಾಕಿ ಬೂಟ್ ಮಾಡಿ. ಹೊಸದನ್ನೂ ಹಾಗೇ. ಡಿಡಿಆರ್3ರ ಅಂಚಿನಲ್ಲಿ ಒಂದು ಕಚ್ಚು ಇರುತ್ತೆ, ಸ್ಲಾಟಿನ ಉಬ್ಬಿಗೆ ಅದು ಕೂರಬೇಕು. ಎರಡೂ ತುದಿಗೆ ಹೆಬ್ಬೆರಳಿಟ್ಟು ಸಮನಾಗಿ ಒತ್ತಿದ್ರೆ ಪಕ್ಕದ ಕ್ಲಿಪ್ಪು ತಾನಾಗೇ ಮೇಲೆ ಬಂದು ಟಕ್ ಅನ್ನುತ್ತೆ. ಕ್ಲಿಪ್ಪನ್ನು ಬೆರಳಿಂದ ಎಳೆದು ಹಾಕಿದ್ರೆ ಅದು ಕೂತಿದೆ ಅಂತ ಅಲ್ಲ. ಹಾಕಿದ ಮೇಲೆ ಕಣ್ಣಮಟ್ಟದಲ್ಲಿ ನೋಡಿ. ಚಿನ್ನದ ಗೆರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಮ್ಮಿ ಕಾಣ್ತಿದ್ರೆ ಓರೆಯಾಗಿದೆ.

ಜೊತೆಗೆ ಎರಡೂ ಸ್ಟಿಕ್ಕಿನ ಲೇಬಲ್ ಮೇಲೆ ಏನು ಬರೆದಿದೆ, ಅಕ್ಷರ ಬಿಡದೆ ಇಲ್ಲಿ ಬರೀರಿ. ಮುಕ್ಕಾಲು ಉತ್ತರ ಅಲ್ಲೇ ಇರುತ್ತೆ.

ಕಡಲತಡಿ
ಅಕ್ಕ, ನಮ್ಮ ಉಡುಪಿ ಕಡೆ ಮಳೆಗಾಲ ಶುರುವಾದ್ರೆ ವಾರಕ್ಕೊಂದು ಪಿಸಿ ಇದೇ ಕಂಪ್ಲೇಂಟ್ ಹಿಡ್ಕೊಂಡು ಬರ್ತದೆ ಮಾರಾಯ್ರೆ. ಉಪ್ಪುಗಾಳಿ, ತೇವ, ಎರಡೂ ಸೇರಿ ಪಿನ್ನಿನ ಮೇಲೆ ಒಂದು ಪದರ ಕೂತಿರ್ತದೆ. ಬಿಳಿ ರಬ್ಬರ್ ತಗೊಂಡು ಪಿನ್ನಿನ ಮೇಲೆ ಮೆಲ್ಲ ಉಜ್ಜಿ, ಮತ್ತೆ ಹಾಕಿ ನೋಡಿ. ಹತ್ತರಲ್ಲಿ ಆರು ಇದರಲ್ಲೇ ಸರಿಯಾಗ್ತದೆ.

ಬೆಸುಗೆಕಡ್ಡಿ
ರಬ್ಬರ್ ಬಗ್ಗೆ ನನ್ನದೊಂದು ತಕರಾರಿದೆ. ಕೆಲಸ ಮಾಡುತ್ತೆ, ನಿಜ. ಆದರೆ ಪಿನ್ನಿನ ಮೇಲಿರೋ ಚಿನ್ನ ತೀರಾ ತೆಳು ಲೇಪ, ಅದರ ಕೆಳಗೆ ನಿಕ್ಕೆಲ್, ಅದರ ಕೆಳಗೆ ತಾಮ್ರ. ಗಟ್ಟಿ ರಬ್ಬರ್ ಹಾಕಿ ಪದೇ ಪದೇ ಉಜ್ಜಿದ್ರೆ ಚಿನ್ನ ಹೋಗುತ್ತೆ, ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕಿಲುಬು ಹಿಡಿಯುತ್ತೆ. ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಅದೇ ಒಂದು ಹೊಸ ತಲೆನೋವು. ಐಸೊಪ್ರೊಪೈಲ್ ಆಲ್ಕೊಹಾಲ್ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತೆ. ಎಳೆ ಬಿಡದ ಬಟ್ಟೆಗೆ ಸ್ವಲ್ಪ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಬಾಗಿಲ ಕೀಲಿಗೆ ಹೊಡೆಯೋ ಎಣ್ಣೆ ಸ್ಪ್ರೇ ಮಾತ್ರ ಬೇಡವೇ ಬೇಡ.

ಕಡಲತಡಿ
ಆಲ್ಕೊಹಾಲ್ ಇದ್ರೆ ಅದೇ ಒಳ್ಳೇದು, ಒಪ್ತೇನೆ. ಇಲ್ಲದ ಹಳ್ಳಿಯಲ್ಲಿ ಮೆತ್ತನೆ ರಬ್ಬರ್, ಬೋರ್ಡಿನಿಂದ ದೂರ ಕೂತು ಉಜ್ಜಿ, ಪುಡಿ ಪೂರ್ತಿ ಒರೆಸಿ ಹಾಕುವುದು. ಅಷ್ಟೇ.

ಧಾರವಾಡಮಂದಿ
ಅಕ್ಕಾರ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ರ‍್ಯಾಮ್ ಸಾಲವಲ್ದು ಅಂತ ಹೆಂಗ್ ಗೊತ್ತಾತ್ರಿ? ಹಾರ್ಡ್ ಡಿಸ್ಕ್ ಅಂತೀರಿ. ಆ ರೊಕ್ಕಕ್ಕ ಒಂದ್ ಎಸ್‌ಎಸ್‌ಡಿ (ತಿರುಗೂ ಭಾಗ ಇಲ್ಲದ ಜೋರ್ ಡಿಸ್ಕ್) ಹಾಕಿದ್ರ ಪಿಸಿ ಹೊಸಾದ್ರಂಗ ಓಡ್ತಿತ್ತಲ್ರಿ. ಟಾಸ್ಕ್ ಮ್ಯಾನೇಜರ್ ತಗದು ಡಿಸ್ಕ್ ಎಷ್ಟ್ ಪರ್ಸೆಂಟ್ ತೋರಸ್ತದ ನೋಡ್ರಿ, 100 ಇರ್ತದ.

ತುಂಗಾತೀರ
ಸಿಟ್ಟೇನಿಲ್ಲ, ಕೇಳಿದ್ದು ಒಳ್ಳೇದೇ ಆಯ್ತು. ನೋಡಿದೆ. ಬ್ರೌಸರ್ ಒಂದನ್ನೇ ತೆರೆದಾಗ ಮೆಮೊರಿ 70ರ ಆಸುಪಾಸು, ಡಿಸ್ಕ್ ಕಮ್ಮಿ. ಫೋಟೋಶಾಪ್ ತೆರೆದ ಕೂಡಲೇ ಮೆಮೊರಿ 95 ದಾಟುತ್ತೆ, ಡಿಸ್ಕ್ 100ಕ್ಕೆ ಹೋಗಿ ಅಲ್ಲೇ ನಿಲ್ಲುತ್ತೆ. ಇದರಲ್ಲಿ ಯಾವುದು ಕಾರಣ, ಯಾವುದು ಪರಿಣಾಮ?

ಹಳೇಬೋರ್ಡು
ನಿಮ್ಮ ಕೇಸಿನಲ್ಲಿ ರ‍್ಯಾಮೇ ಕಾರಣ ಮೇಡಂ. ರ‍್ಯಾಮ್ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿನ ಪೇಜ್ ಫೈಲಿಗೆ ಬರೆಯುತ್ತೆ, ಬೇಕಾದಾಗ ಮತ್ತೆ ಓದಿ ತರುತ್ತೆ. ನಿಮಿಷಕ್ಕೆ 7200 ಸುತ್ತು ತಿರುಗೋ ಡಿಸ್ಕಿಗೆ ಒಂದು ಸುತ್ತಿಗೇ 8 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ರ‍್ಯಾಮ್ ಉತ್ತರ ಕೊಡೋದು ನ್ಯಾನೊಸೆಕೆಂಡ್ ಲೆಕ್ಕದಲ್ಲಿ. ಲಕ್ಷ ಪಟ್ಟು ಅಂತರ. ಮೌಸ್ ನಿಂತುಹೋಗೋದು ಅದಕ್ಕೇ.

ಮೆಮೊರಿ ಅರ್ಧ ಖಾಲಿ ಇದ್ದೂ ಡಿಸ್ಕ್ 100 ತೋರಿಸಿದ್ರೆ ಆಗ ಧಾರವಾಡದವರ ಮಾತು ಸರಿ. ಎಸ್‌ಎಸ್‌ಡಿ ಹೇಗೂ ಹಾಕಲೇಬೇಕು, ಆದರೆ 4 ಜಿಬಿ ಇಟ್ಟುಕೊಂಡು ಹಾಕಿದ್ರೆ ಎಸ್‌ಎಸ್‌ಡಿಯನ್ನೂ ಪೇಜ್ ಫೈಲೇ ತಿನ್ನುತ್ತೆ.

ಧಾರವಾಡಮಂದಿ
ಹಂಗಿದ್ರ ರ‍್ಯಾಮ್ ಮದಲ, ಎಸ್‌ಎಸ್‌ಡಿ ಆಮ್ಯಾಲ. ಬರೋಬ್ಬರಿ ಐತ್ರಿ.

ತುಂಗಾತೀರ
ಹೇಳಿದ ಹಾಗೇ ಮಾಡಿದೆ. ಹಳೇ ಸ್ಟಿಕ್ ಎರಡೂ ಸ್ಲಾಟಿನಲ್ಲಿ ಬೂಟ್ ಆಯ್ತು. ಹೊಸದು ಎರಡರಲ್ಲೂ ಆಗಲಿಲ್ಲ. ಪಿನ್ ಒರೆಸಿಯೂ ನೋಡಿದೆ. ಒಂದು ಹೊಸ ವಿಷಯ: ಎರಡು ಸ್ಟಿಕ್ಕೂ ಸೇರಿ ಹಾಕಿದಾಗ ಕಿವಿಗೊಟ್ಟು ಕೇಳಿದ್ರೆ ಒಳಗಿಂದ ಉದ್ದುದ್ದ ಬೀಪ್ ನಿಲ್ಲದೆ ಬರ್ತಿದೆ.

ಹಳೇ ಸ್ಟಿಕ್ ಲೇಬಲ್: 4ಜಿಬಿ 1ಆರ್‌ಎಕ್ಸ್8 ಪಿಸಿ3-12800ಯು.
ಹೊಸದರಲ್ಲಿ ಕಂಪನಿ ಹೆಸರಿಲ್ಲ. 8ಜಿಬಿ ಡಿಡಿಆರ್3 1600, ಡೆಸ್ಕ್‌ಟಾಪ್, ಅಷ್ಟೇ. ಕೆಳಗೆ ಮೂಲೆಯಲ್ಲಿ ತೀರಾ ಸಣ್ಣಕ್ಷರದಲ್ಲಿ "ಫಾರ್ ಎಎಂಡಿ" ಅಂತಿದೆ. ಮೊಬೈಲ್ ಕ್ಯಾಮೆರಾದಲ್ಲಿ ಝೂಮ್ ಮಾಡಿದಾಗ ಕಂಡಿದ್ದು.

ಬೆಸುಗೆಕಡ್ಡಿ
ಸಿಕ್ಕಿತು. ಆ ಮೂಲೆಯ ಎರಡು ಪದವೇ ಉತ್ತರ. ನಿಮ್ಮ ಸ್ಟಿಕ್ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ. ಇವೆರಡಕ್ಕೂ ಹೊಂದಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಕಡಿಮೆ ಬೆಲೆಯ 8 ಜಿಬಿ ಸ್ಟಿಕ್ಕಿಂದ ತುಂಬ ಜನ ಮೋಸ ಹೋಗ್ತಿದ್ದಾರೆ. ರ‍್ಯಾಮ್ ಸ್ಟಿಕ್ ಒಂದು ಸಲಕ್ಕೆ 64 ಬಿಟ್ ಡೇಟಾ ಕೊಡಬೇಕು. ಅದರ ಮೇಲಿನ ಒಂದೊಂದು ಕಪ್ಪು ಚಿಪ್ಪು ಸಾಮಾನ್ಯವಾಗಿ 8 ಬಿಟ್ ಕೊಡುತ್ತೆ. ಅಂದ್ರೆ 8 ಚಿಪ್ ಸೇರಿದ್ರೆ ಒಂದು ಗುಂಪು, ಅದಕ್ಕೆ ರ‍್ಯಾಂಕ್ ಅಂತಾರೆ. ಲೇಬಲ್ಲಿನ 1ಆರ್‌ಎಕ್ಸ್8 ಅಂದ್ರೆ ಒಂದು ರ‍್ಯಾಂಕ್, 8 ಬಿಟ್ಟಿನ ಚಿಪ್. ಮಾಮೂಲಿ 8 ಜಿಬಿ ಡಿಡಿಆರ್3 ಸ್ಟಿಕ್ಕಿನಲ್ಲಿ 16 ಚಿಪ್, ಎರಡು ರ‍್ಯಾಂಕ್, ಲೇಬಲ್ 2ಆರ್‌ಎಕ್ಸ್8.

ನಿಮಗೆ ಕೊಟ್ಟಿದ್ದರಲ್ಲಿ ಇರೋದು 4 ಬಿಟ್ಟಿನ ಚಿಪ್. 64 ಆಗೋಕೆ 16 ಚಿಪ್ಪೂ ಒಂದೇ ರ‍್ಯಾಂಕಿಗೆ ಬೇಕು. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರಿನ ಮೆಮೊರಿ ಕಂಟ್ರೋಲರ್ (ರ‍್ಯಾಮ್ ನಿಭಾಯಿಸೋ ಭಾಗ) 4 ಬಿಟ್ಟಿನ ಚಿಪ್ ಒಪ್ಪಲ್ಲ. ಇಂಟೆಲ್ಲಿನ ಎದುರಾಳಿ ಕಂಪನಿ ಎಎಂಡಿಯ ಆ ಕಾಲದ ಕಂಟ್ರೋಲರ್ ಒಪ್ಪುತ್ತೆ. ಕಣ್ಣಿಗೆ ಎರಡೂ ಒಂದೇ ಥರ, ಎರಡರಲ್ಲೂ 16 ಚಿಪ್, ಅದೇ 240 ಪಿನ್, ಅದೇ ಕಚ್ಚು. ಸ್ಲಾಟಿನಲ್ಲಿ ನೆಟ್ಟಗೆ ಕೂರುತ್ತೆ, ಬೂಟ್ ಮಾತ್ರ ಆಗಲ್ಲ.

ಲೇಬಲ್ ನಂಬಿಕೆಯಿಲ್ಲ ಅಂದ್ರೆ ಚಿಪ್ಪಿನ ಮೇಲಿನ ನಂಬರ್ ನೋಡಬಹುದು. ಸ್ಯಾಮ್‌ಸಂಗ್ ಚಿಪ್ಪಾದರೆ ಕೆ4ಬಿ4ಜಿ08 ಅಂತ ಶುರುವಾದ್ರೆ 8 ಬಿಟ್ಟು, ಕೆ4ಬಿ4ಜಿ04 ಅಂತಿದ್ರೆ 4 ಬಿಟ್ಟು. ಇದೇ ಥರ ಬೇರೆ ಕಂಪನಿಗಳ ನಂಬರಿನಲ್ಲೂ ಸುಳಿವಿರುತ್ತೆ. ಆದರೆ ಹೆಸರಿಲ್ಲದ ಸ್ಟಿಕ್ಕುಗಳಲ್ಲಿ ಚಿಪ್ಪಿನ ಮೇಲಿನ ಅಕ್ಷರವನ್ನೇ ಉಜ್ಜಿ ಬೇರೆ ಅಚ್ಚು ಹಾಕಿರೋದೂ ಉಂಟು. ನಾನಾದರೆ ರ‍್ಯಾಂಕ್ ಬರೆಯದ ಸ್ಟಿಕ್ ಕೊಳ್ಳಲ್ಲ.

ಎಸ್ಪಿರೋಡ್‌ಸುತ್ತಾಟ
ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹಳೇ ಪಾರ್ಟ್ಸ್ ಹುಡುಕೋರಿಗೆ ಇನ್ನೊಂದು ಎಚ್ಚರಿಕೆ ಸೇರಿಸ್ತೀನಿ. ಲೇಬಲ್ಲಿನ ಕೊನೆಯ ಅಕ್ಷರ ನೋಡಿ. 12800ಯು ಅಂದ್ರೆ ಡೆಸ್ಕ್‌ಟಾಪ್‌ದು. 12800ಆರ್ ಅಂದ್ರೆ ಸರ್ವರಿಂದ ಕಿತ್ತ ರಿಜಿಸ್ಟರ್ಡ್ ರ‍್ಯಾಮ್, ನಿಮ್ಮ ಬೋರ್ಡಿಗೆ ಸುತರಾಂ ಆಗಲ್ಲ. ಚಿಪ್ಪುಗಳ ಮಧ್ಯೆ ಇನ್ನೊಂದು ಬೇರೆ ಆಕಾರದ ಚಿಪ್ ಇದ್ದು, ಒಂದು ಬದಿಗೆ 8ರ ಬದಲು 9 ಚಿಪ್ ಇದ್ರೆ ಅನುಮಾನ ಪಡಿ. 12800ಎಸ್ ಲ್ಯಾಪ್‌ಟಾಪ್‌ದು, ಉದ್ದವೇ ಕಮ್ಮಿ. 12800 ಅನ್ನೋದನ್ನ 8ರಿಂದ ಭಾಗಿಸಿ, 1600 ಸಿಗುತ್ತೆ, ಅದೇ ಸ್ಪೀಡು.

ಹೊಸ ರ‍್ಯಾಮಿನ ಬೆಲೆ 2025ರ ಕೊನೆಯಿಂದ ಸಿಕ್ಕಾಪಟ್ಟೆ ಏರಿದೆ. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಹೋಗ್ತಿದೆ. ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸ್ತೀವಿ ಅಂತ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಜನ ಹಳೇ ಪಿಸಿಯನ್ನೇ ಉಳಿಸಿಕೊಳ್ಳೋಕೆ ನೋಡ್ತಿದ್ದಾರೆ, ಇಂಥ ಸಮಯದಲ್ಲಿ ಮೂಲೆಯಲ್ಲಿ ಬಿದ್ದಿದ್ದೆಲ್ಲ ಮಾರಾಟಕ್ಕೆ ಬರುತ್ತೆ. ಅಂಗಡಿಯಲ್ಲಿ ಬಾಯಿಮಾತಿಗೆ ಒಪ್ಪದೆ, ಬಿಲ್ಲಿನ ಮೇಲೆ "ಎಚ್81 ಬೋರ್ಡಿಗೆ ಆಗದಿದ್ದರೆ ವಾಪಸ್" ಅಂತ ಬರೆಸಿಕೊಳ್ಳಿ. ಬರೆಯೋಕೆ ಒಪ್ಪದವರ ಹತ್ತಿರ ಕೊಳ್ಳಬೇಡಿ.

ಲ್ಯಾಪ್‌ಟಾಪ್‌ಹುಡುಗ
ಅಣ್ಣಂದಿರೇ, ಮಧ್ಯೆ ಬಾಯಿ ಹಾಕ್ತಿದ್ದೀನಿ, ಬೇಜಾರಾಗಬೇಡಿ. ನನ್ನ ಹತ್ರ ಐ5-4200ಯು ಲ್ಯಾಪ್‌ಟಾಪ್ ಇದೆ. ಮಾವನ ಹಳೇ ಲ್ಯಾಪ್‌ಟಾಪಿಂದ ತೆಗೆದ 4 ಜಿಬಿ ಡಿಡಿಆರ್3 ಹಾಕಿದ್ರೆ ಆನ್ ಆಗಲ್ಲ. ಇದೂ ಅದೇ ಎಎಂಡಿ ಸಮಸ್ಯೆನಾ?

ಬೆಸುಗೆಕಡ್ಡಿ
ಇಲ್ಲ ತಮ್ಮ, ನಿನ್ನದು ವೋಲ್ಟೇಜ್ ಸಮಸ್ಯೆ ಇರಬೇಕು. ಮಾಮೂಲಿ ಡಿಡಿಆರ್3 ಕೆಲಸ ಮಾಡೋದು 1.5 ವೋಲ್ಟಿನಲ್ಲಿ. ನಿನ್ನ ಪ್ರೊಸೆಸರಿಗೆ ಬೇಕಾದ್ದು 1.35 ವೋಲ್ಟಿನ ಡಿಡಿಆರ್3ಎಲ್. ಲೇಬಲ್ಲಿನಲ್ಲಿ ಪಿಸಿ3 ಆದಮೇಲೆ ಎಲ್ ಅಕ್ಷರ ಇದೆಯಾ ನೋಡು, ಪಿಸಿ3ಎಲ್-12800ಎಸ್ ಅಂತಿರಬೇಕು. ಡೆಸ್ಕ್‌ಟಾಪಿನಲ್ಲಿ ಇದರ ಉಲ್ಟಾ ನಡೆಯುತ್ತೆ: ಎಲ್ ಇರೋ ಸ್ಟಿಕ್ಕುಗಳು ಸಾಮಾನ್ಯವಾಗಿ 1.5 ವೋಲ್ಟನ್ನೂ ತಡೆದುಕೊಳ್ಳುತ್ತವೆ. ಜಾಸ್ತಿ ಇದ್ರೆ ಬೇರೆ ಚರ್ಚೆ ಶುರು ಮಾಡು, ಅಲ್ಲಿ ನೋಡೋಣ.

ತುಂಗಾತೀರ
ಅಂಗಡಿಯವರ ಹತ್ರ ಹೋಗಿ ಆ ಸಣ್ಣಕ್ಷರ ತೋರಿಸಿದೆ. ವಾದ ಮಾಡದೆ ಬದಲಾಯಿಸಿ ಕೊಟ್ರು, ಸ್ವಲ್ಪ ಹೆಚ್ಚು ದುಡ್ಡು ತಗೊಂಡ್ರು. ಈ ಸಲ 8ಜಿಬಿ 2ಆರ್‌ಎಕ್ಸ್8 ಪಿಸಿ3-12800ಯು. ಹಾಕಿದ ಕೂಡಲೇ ಸ್ಕ್ರೀನ್ ಬಂತು, ವಿಂಡೋಸಿಗೆ ಮುಂಚೆ ಬರೋ ಬಯೋಸ್‌ನಲ್ಲಿ 12 ಜಿಬಿ ಅಂತ ಕಾಣ್ತು. ಮನೆಯವರೆಲ್ಲ ಖುಷಿ.

ಆದ್ರೆ ವಿಂಡೋಸ್ ಒಳಗೆ ಹೋಗಿ ನೋಡಿದ್ರೆ "12.0 ಜಿಬಿ, ಬಳಕೆಗೆ 3.41 ಜಿಬಿ" ಅಂತಿದೆ. ಫೋಟೋಶಾಪ್ ಮೊದಲಿನ ಹಾಗೇ ನಿಲ್ಲುತ್ತೆ. ಈಗೇನು?

ಹಳೇಬೋರ್ಡು
ಅದೇ ಪುಟದಲ್ಲಿ "ಸಿಸ್ಟಮ್ ಟೈಪ್" ಅಂತ ಒಂದು ಸಾಲಿದೆ. 32 ಬಿಟ್ ಆಪರೇಟಿಂಗ್ ಸಿಸ್ಟಮ್ ಅಂತಿದೆಯಾ?

ತುಂಗಾತೀರ
ಹೌದು. 32 ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್.

ಹಳೇಬೋರ್ಡು
ಹಾಗಾದ್ರೆ ರ‍್ಯಾಮ್ ಕೆಲಸ ಮುಗಿದಿದೆ, ವಿಂಡೋಸಿನ ಕೆಲಸ ಉಳಿದಿದೆ. ನಾಲ್ಕೇ ಜಿಬಿ ಇದ್ದ ಕಾಲಕ್ಕೆ ಯಾರೋ 32 ಬಿಟ್ ಹಾಕಿಕೊಟ್ಟಿದ್ದಾರೆ. 32 ಬಿಟ್ಟಿನಲ್ಲಿ ಬರೆಯಬಹುದಾದ ವಿಳಾಸಗಳು 4,29,49,67,296, ಅಂದ್ರೆ 4 ಜಿಬಿ. ಅದರಲ್ಲೇ ಗ್ರಾಫಿಕ್ಸ್, ಬೋರ್ಡಿನ ಬೇರೆ ಭಾಗಗಳಿಗೂ ವಿಳಾಸ ಬಿಡಬೇಕು, ಉಳಿಯೋದು 3 ಚಿಲ್ಲರೆ. ನೀವು 12 ಹಾಕಿದ್ರೂ 16 ಹಾಕಿದ್ರೂ ಅಷ್ಟೇ.

64 ಬಿಟ್ ವಿಂಡೋಸ್ ಹಾಕಬೇಕು. 32ರ ಮೇಲೆ ಅಪ್‌ಗ್ರೇಡ್ ಮಾಡೋಕೆ ಬರಲ್ಲ, ಹೊಸದಾಗೇ ಇನ್‌ಸ್ಟಾಲ್ ಮಾಡಬೇಕು. ಮೊದಲು ಕಡತ ಎಲ್ಲ ಬ್ಯಾಕಪ್. ನುಡಿಯ ಕಡತ, ನೀವು ಬಳಸೋ ಫಾಂಟ್, ಗಿರಾಕಿಗಳ ಹಳೇ ಕೆಲಸ, ಬ್ರೌಸರಿನ ಬುಕ್‌ಮಾರ್ಕ್, ಒಂದೂ ಬಿಡಬೇಡಿ. ಲೈಸೆನ್ಸ್ ಚಿಂತೆ ಬೇಡ. ಅದೇ ಎಡಿಷನ್ ಹಾಕಿದ್ರೆ ಮೊದಲಿನ ಲೈಸೆನ್ಸೇ ನಡೆಯುತ್ತೆ.

ಒಂದು ನೆನಪಿಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ 2026ರ ಅಕ್ಟೋಬರ್ 13ರವರೆಗೆ ಅಂತ ಇಟ್ಟಿದ್ದಾರೆ, ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ನಿಮ್ಮ 4ನೇ ಜನರೇಷನ್ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ.

ಇನ್‌ಸ್ಟಾಲ್ ಮಾಡೋಕೆ ಮುಂಚೆ ರ‍್ಯಾಮ್ ಟೆಸ್ಟ್ ಮಾಡಿ. ಇದನ್ನ ದಯವಿಟ್ಟು ಬಿಡಬೇಡಿ. ರ‍್ಯಾಮಿನಲ್ಲಿ ದೋಷ ಇದ್ದಾಗ ಇನ್‌ಸ್ಟಾಲ್ ಮಾಡಿದ್ರೆ ಕಡತಗಳು ಡಿಸ್ಕಿಗೆ ಹೋಗೋವಾಗಲೇ ಹಾಳಾಗ್ತವೆ, ಆಮೇಲೆ ರ‍್ಯಾಮ್ ಬದಲಾಯಿಸಿದ್ರೂ ವಿಂಡೋಸ್ ಕುಂಟುತ್ತಾನೇ ಇರುತ್ತೆ. ಮೆಮ್‌ಟೆಸ್ಟ್86+ ಅನ್ನೋ ಪ್ರೋಗ್ರಾಂ ಉಚಿತ. ಪೆನ್ ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಿ ರಾತ್ರಿ ಬಿಟ್ಟುಬಿಡಿ. ಯುಪಿಎಸ್ ಇದ್ರೆ ಒಳ್ಳೇದು.

ಧಾರವಾಡಮಂದಿ
ವಿಂಡೋಸ್‌ನಾಗ ಇರೂ ಟೆಸ್ಟ್ ಸಾಲೂದಿಲ್ಲೇನ್ರಿ? ಎಂಡಿಶೆಡ್ (mdsched) ಅಂತ ಟೈಪ್ ಮಾಡಿದ್ರ ಬರ್ತದಲ್ಲ.

ಹಳೇಬೋರ್ಡು
ಅದು ದೋಷ ತೋರಿಸಿದ್ರೆ ನಂಬಿ. ಏನೂ ತೋರಿಸದಿದ್ರೆ ಮಾತ್ರ ಪೂರ್ತಿ ನಂಬಬೇಡಿ. ಮೆಮ್‌ಟೆಸ್ಟಿನ ಪರೀಕ್ಷೆಗಳು ಹೆಚ್ಚು ಬಗೆಯವು, ಸುತ್ತು ಸುತ್ತಾಗಿ ಓಡ್ತಾನೇ ಇರುತ್ತೆ. ಬಿಸಿಯಾದ ಮೇಲೆ ಮಾತ್ರ ಬರೋ ದೋಷಗಳು ಮೂರನೇ ನಾಲ್ಕನೇ ಸುತ್ತಿನಲ್ಲಿ ಹೊರಬೀಳ್ತವೆ.

ತುಂಗಾತೀರ
ಟೆಸ್ಟ್ ಹಾಕಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಪರದೆ ತುಂಬ ಕೆಂಪು ಸಾಲು. ಎರಡೂ ಸ್ಟಿಕ್ ಹಾಕಿದಾಗ ಇದು. ಮತ್ತೆ ಅಂಗಡಿಗೆ ಹೋಗಲಾ?

ಬೆಸುಗೆಕಡ್ಡಿ
ಈಗಲೇ ಬೇಡ. ಎರಡೂ ಒಟ್ಟಿಗೆ ಇದ್ದಾಗ ಡೇಟಾ ಎರಡಕ್ಕೂ ಹಂಚಿ ಹೋಗುತ್ತೆ, ಪರದೆ ತೋರಿಸೋ ವಿಳಾಸದಿಂದ ಯಾವ ಸ್ಟಿಕ್ ಅಂತ ಹೇಳೋಕಾಗಲ್ಲ. ಒಂದೊಂದೇ ಸ್ಟಿಕ್ಕನ್ನು ಒಂದೊಂದೇ ಸ್ಲಾಟಿನಲ್ಲಿ ಇಟ್ಟು ಟೆಸ್ಟ್ ಮಾಡಿ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ. ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ತುಂಗಾತೀರ
ಮಾಡಿದೆ. ಫಲಿತಾಂಶ ನನಗೇ ಆಶ್ಚರ್ಯ.
ಪ್ರೊಸೆಸರ್ ಹತ್ತಿರದ ಸ್ಲಾಟಿನಲ್ಲಿ ಹಳೇದು: ದೋಷ ಇಲ್ಲ. ಹೊಸದು: ದೋಷ ಇಲ್ಲ.
ದೂರದ ಸ್ಲಾಟಿನಲ್ಲಿ ಹಳೇದು: ಕೆಂಪು. ಹೊಸದು: ಕೆಂಪು.
ಆದರೆ ಮೊದಲ ದಿನ ಹಳೇ ಸ್ಟಿಕ್ ಅದೇ ದೂರದ ಸ್ಲಾಟಿನಲ್ಲಿ ಬೂಟ್ ಆಗಿತ್ತಲ್ಲ?

ಬೆಸುಗೆಕಡ್ಡಿ
ಬೂಟ್ ಆಗೋದು ಬೇರೆ, ಸರಿಯಾಗಿರೋದು ಬೇರೆ ಮೇಡಂ. ಆನ್ ಆಗುವಾಗ ಬಯೋಸ್ ರ‍್ಯಾಮನ್ನು ಮೇಲುಮೇಲಕ್ಕೆ ನೋಡುತ್ತೆ ಅಷ್ಟೇ. ಸಾವಿರಾರು ಸಲ ಬರೆದು ಓದಿದಾಗ ಒಮ್ಮೆ ತಪ್ಪೋ ಬಿಟ್ಟು ಅದಕ್ಕೆ ಕಾಣಲ್ಲ. ಆ ಒಂದು ಬಿಟ್ಟು ನಿಮ್ಮ ಲಗ್ನಪತ್ರಿಕೆಯ ಕಡತದಲ್ಲಿ ತಪ್ಪಿದ್ರೆ ಕಡತವೇ ತೆರೆಯಲ್ಲ, ವಿಂಡೋಸಿನ ಒಳಗೆ ತಪ್ಪಿದ್ರೆ ನೀಲಿ ಪರದೆ.

ನೀವು ಮಾಡಿದ ಪಟ್ಟಿ ತುಂಬ ಸ್ಪಷ್ಟವಾಗಿದೆ. ಸ್ಟಿಕ್ಕುಗಳೆರಡೂ ಚೆನ್ನಾಗಿವೆ. ದೋಷ ಆ ಸ್ಲಾಟಿನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಎಲ್ಲೋ ಇದೆ. ಎಚ್81ರಲ್ಲಿ ಎರಡು ಸ್ಲಾಟೂ ಬೇರೆ ಬೇರೆ ಚಾನೆಲ್, ಬೇರೆ ಬೇರೆ ದಾರಿ. ಮೊದಲು ಸ್ಲಾಟ್ ನೋಡಿ. ಇಷ್ಟು ವರ್ಷ ಖಾಲಿ ಬಾಯಿ ತೆರೆದುಕೊಂಡು ಇದ್ದ ಸ್ಲಾಟು, ಧೂಳು ತುಂಬಿರುತ್ತೆ. ಟಾರ್ಚ್ ಹಾಕಿ ನೋಡಿ, ಮೆತ್ತನೆ ಒಣ ಬ್ರಶ್ಶಿನಿಂದ ಉದ್ದಕ್ಕೆ ಗುಡಿಸಿ, ಬ್ಲೋಯರಿನಿಂದ ಊದಿ. ಬಾಯಲ್ಲಿ ಊದಬೇಡಿ, ಎಂಜಲ ತೇವ ಹೋಗುತ್ತೆ.

ತುಂಗಾತೀರ
ಒಳಗೆ ನಿಜಕ್ಕೂ ಬೂದು ಬಣ್ಣದ ಹತ್ತಿಯಂಥ ಧೂಳು. ಎಲ್ಲ ತೆಗೆದೆ. ಕೆಂಪು ಸಾಲು ಕಮ್ಮಿ ಆಯ್ತು, ಆದರೆ ಪೂರ್ತಿ ಹೋಗಲಿಲ್ಲ.

ಹಳೇಬೋರ್ಡು
ಹಾಗಾದ್ರೆ ಪ್ರೊಸೆಸರ್ ಕಡೆ ನೋಡೋಣ. ಮೆಮೊರಿ ಕಂಟ್ರೋಲರ್ ಈಗ ಬೋರ್ಡಿನಲ್ಲಿ ಇರಲ್ಲ, ಪ್ರೊಸೆಸರ್ ಒಳಗೇ ಇರುತ್ತೆ. ಎಎಂಡಿ ಅಥ್ಲಾನ್ 64ರಲ್ಲಿ 2003ರಿಂದ, ಇಂಟೆಲ್‌ನಲ್ಲಿ 2008ರ ನೆಹೇಲಂನಿಂದ. ನಿಮ್ಮ ಪ್ರೊಸೆಸರ್ ಕೂರೋ ಸಾಕೆಟ್ಟಿನಲ್ಲಿ 1150 ಸ್ಪ್ರಿಂಗಿನಂಥ ಪಿನ್ನುಗಳಿವೆ, ಅವುಗಳಲ್ಲಿ ಕೆಲವು ಆ ದೂರದ ಸ್ಲಾಟಿಗೆ ಹೋಗೋ ತಂತಿ. ಪ್ರೊಸೆಸರ್ ಮೇಲೆ ಒತ್ತಡ ಸಮನಾಗಿ ಇಲ್ಲದಿದ್ರೆ ಒಂದು ಬದಿಯ ಪಿನ್ ಸಂಪರ್ಕ ಸಡಿಲ ಆಗುತ್ತೆ. ಒಂದು ಚಾನೆಲ್ ಮಾತ್ರ ಸತಾಯಿಸೋದಕ್ಕೆ ಇದು ಸಾಮಾನ್ಯ ಕಾರಣ.

ಕಂಪನಿಯ ಜೊತೆ ಬಂದ ದುಂಡನೆ ಕೂಲರಾ? ಅದರ ನಾಲ್ಕು ಮೂಲೆಯಲ್ಲಿ ಕಪ್ಪು ಪ್ಲಾಸ್ಟಿಕ್ ಕಾಲು ಇರುತ್ತವೆ. ನಾಲ್ಕೂ ಬೋರ್ಡಿಗೆ ಪೂರ್ತಿ ಇಳಿದಿವೆಯಾ ನೋಡಿ.

ತುಂಗಾತೀರ
ಮೂರು ಇಳಿದಿವೆ. ರ‍್ಯಾಮ್ ಕಡೆಯ ಒಂದು ಕಾಲು ಮೇಲೆದ್ದಿದೆ, ಬೆರಳಲ್ಲಿ ಅಲ್ಲಾಡಿಸಿದ್ರೆ ಆಡುತ್ತೆ.

ಕಡಲತಡಿ
ಅದೇ ಉಂಟು ನೋಡಿ ಅಕ್ಕ. ಬಿಗಿ ಮಾಡುವಾಗ ಒಂದು ಕಾಲನ್ನಷ್ಟೇ ದಬಾಯಿಸಿ ಒತ್ತಬೇಡಿ, ಬೋರ್ಡು ಬಗ್ಗುತ್ತದೆ. ಕೂಲರ್ ಪೂರ್ತಿ ತೆಗೀರಿ, ಹಳೇ ಪೇಸ್ಟ್ ಒಣಗಿ ಸುಣ್ಣ ಆಗಿರ್ತದೆ, ಅದನ್ನು ಒರೆಸಿ, ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ನಡುವೆ ಇಡಿ. ನಾಲ್ಕು ಕಾಲಿನ ತಲೆಯನ್ನೂ ಮೊದಲಿನ ಸ್ಥಾನಕ್ಕೆ ತಿರುಗಿಸಿ, ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಿ, ನಾಲ್ಕೂ ಟಕ್ ಅನ್ನಬೇಕು. ಫ್ಯಾನಿನ ವೈರ್ ಬೋರ್ಡಿಗೆ ಹಾಕಲು ಮರೀಬೇಡಿ.

ಬೆಸುಗೆಕಡ್ಡಿ
ಪ್ರೊಸೆಸರ್ ಅನ್ನು ಸಾಕೆಟ್ಟಿಂದ ಎತ್ತೋದು ಈ ಹಂತದಲ್ಲಿ ಬೇಡ. ಆ ಪಿನ್ನುಗಳು ಬಟ್ಟೆ ತಾಗಿದ್ರೂ ಬಾಗ್ತವೆ. ಮೊದಲು ಕೂಲರ್ ಮಾತ್ರ ಸರಿಮಾಡಿ ಟೆಸ್ಟ್ ಮಾಡಿ.

ತುಂಗಾತೀರ
ಕೂಲರ್ ತೆಗೆಯೋಕೆ ಕೈ ನಡುಗ್ತಿತ್ತು, ಮಗಳು ಟಾರ್ಚ್ ಹಿಡಿದಿದ್ಲು. ಹೇಳಿದ ಹಾಗೇ ಪೇಸ್ಟ್ ಹಾಕಿ, ಜೋಡಿಯಾಗಿ ಒತ್ತಿ ಕೂರಿಸಿದೆ. ದೂರದ ಸ್ಲಾಟಿನಲ್ಲಿ ಹಳೇ ಸ್ಟಿಕ್: ದೋಷ ಇಲ್ಲ. ಹೊಸದು: ದೋಷ ಇಲ್ಲ. ಎರಡೂ ಸೇರಿಸಿ ಇಡೀ ರಾತ್ರಿ ಓಡಿಸಿದೆ, ಒಂದೂ ಕೆಂಪು ಸಾಲಿಲ್ಲ.

ಆಮೇಲೆ 64 ಬಿಟ್ ವಿಂಡೋಸ್ ಹಾಕಿದೆ. 12 ಜಿಬಿಯಲ್ಲಿ ಗ್ರಾಫಿಕ್ಸಿಗೆ ಸ್ವಲ್ಪ ಬಿಟ್ಟು ಉಳಿದದ್ದೆಲ್ಲ ಬಳಕೆಗೆ ಸಿಕ್ತಿದೆ. ನುಡಿ, ಫೋಟೋಶಾಪ್, ಬ್ರೌಸರ್ ಮೂರೂ ಒಟ್ಟಿಗೆ ತೆರೆದು ಇವತ್ತು ಒಂದು ಗೃಹಪ್ರವೇಶದ ಪತ್ರಿಕೆ ಮುಗಿಸಿದೆ, ಒಂದು ಸಲವೂ ನಿಲ್ಲಲಿಲ್ಲ. ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು.

ಕೊನೆಯ ಪ್ರಶ್ನೆ. 4 ಮತ್ತು 8 ಬೇರೆ ಬೇರೆ ಅಳತೆ, ಡ್ಯುಯಲ್ ಚಾನೆಲ್ (ಎರಡೂ ದಾರಿಯಲ್ಲಿ ಒಟ್ಟಿಗೆ ಡೇಟಾ ಓಡೋದು) ಸಿಗಲ್ಲ, 4 ತೆಗೆದು ಇನ್ನೊಂದು 8 ಹಾಕಿಸು ಅಂತ ತಮ್ಮ ಹೇಳ್ತಿದ್ದಾನೆ. ಹಾಕಿಸಬೇಕಾ?

ಹಳೇಬೋರ್ಡು
ಬೇಡ ಮೇಡಂ. ಅಳತೆ ಬೇರೆ ಇದ್ರೂ ಇಂಟೆಲ್ ಕಂಟ್ರೋಲರ್ ಫ್ಲೆಕ್ಸ್ ಮೋಡಿನಲ್ಲಿ ನಡೆಸುತ್ತೆ: ಎರಡೂ ಸ್ಟಿಕ್ಕಿನ 4 + 4 ಸೇರಿ 8 ಜಿಬಿ ಡ್ಯುಯಲ್ ಚಾನೆಲ್, ಉಳಿದ 4 ಜಿಬಿ ಸಿಂಗಲ್. 1600ರ ಒಂದು ಚಾನೆಲ್ ಸೆಕೆಂಡಿಗೆ 12.8 ಜಿಬಿ, ಎರಡು ಸೇರಿದ್ರೆ 25.6. ಮೊದಲು ಒಂದೇ ಸ್ಟಿಕ್ ಇದ್ದಾಗ ನಿಮಗೆ ಸಿಗ್ತಿದ್ದದ್ದು ಆ ಅರ್ಧವೇ. ನಿಮ್ಮ ಕೆಲಸಕ್ಕೆ ಈಗಿರೋದು ಧಾರಾಳ. ಹೆಚ್ಚು ಕೆಲಸ ಇರೋ ದಿನ ಟಾಸ್ಕ್ ಮ್ಯಾನೇಜರ್ ನೋಡಿ, ಮೆಮೊರಿ 85 ದಾಟ್ತಿಲ್ಲ ಅಂದ್ರೆ ಇನ್ನೊಂದು 8 ಜಿಬಿಗೆ ಹಾಕೋ ದುಡ್ಡನ್ನ ಧಾರವಾಡದವರು ಹೇಳಿದ ಎಸ್‌ಎಸ್‌ಡಿಗೆ ಹಾಕಿ. 2.5 ಇಂಚಿನ ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸೋ ಕನೆಕ್ಷನ್) ಎಸ್‌ಎಸ್‌ಡಿ ನೋಡಿ, ಎಚ್81 ಬೋರ್ಡಿನಲ್ಲಿ 6 ಜಿಬಿಪಿಎಸ್ ಸಾಟಾ ಪೋರ್ಟ್ ಎರಡಿವೆ, ಅದರಲ್ಲೊಂದಕ್ಕೆ ಹಾಕಿಸಿ. ಈಗಿನ ಹಾರ್ಡ್ ಡಿಸ್ಕನ್ನ ಹಳೇ ಕಡತಗಳಿಗೆ ಅಂತ ಇನ್ನೊಂದು ಪೋರ್ಟಿನಲ್ಲಿ ಉಳಿಸಿಕೊಳ್ಳಿ.